ನೋಡಿದ್ದೇನೆ, ಅದಕ್ಕೇ ಗೊತ್ತು: ಗ್ರೀಕಿನ ‘ಒಯ್ದ’ ಎಂಬ ಕ್ರಿಯಾಪದ

ಹಳೆಯ ಗ್ರೀಕರು "ನನಗೆ ಗೊತ್ತು" ಅನ್ನಲು ಬಳಸುತ್ತಿದ್ದ ಪದ ‘ಒಯ್ದ’. "ಎತ್ತಿಕೊಂಡು ಒಯ್ದ" ಅನ್ನುವ ನಮ್ಮ ಪದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೆ. ಗ್ರೀಕ್ ಕಲಿಸುವ ಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ಹಿಂದಿನ ಪುಟಗಳಲ್ಲಿ, ನಿಯಮಕ್ಕೆ ಬಗ್ಗದ ಕ್ರಿಯಾಪದಗಳ ಪಟ್ಟಿಯಲ್ಲಿ ಕೂತಿರುತ್ತದೆ. ಕಾರಣ ಕೇಳಬೇಡಿ, ಉರು ಹೊಡೆಯಿರಿ, ಮುಂದೆ ಹೋಗಿ ಅನ್ನೋ ಧಾಟಿ. ಪಾಪ, ಇದು ಅನ್ಯಾಯ. ಬೇರೆ ಕ್ರಿಯಾಪದಗಳೆಲ್ಲ ಹೊಸ ನಿಯಮಕ್ಕೆ ಹೊಂದಿಕೊಂಡಾಗ ಈ ‘ಒಯ್ದ’ ಮಾತ್ರ ಹಳೇ ನಿಯಮವನ್ನೇ ಹಿಡಿದುಕೊಂಡು ಕೂತಿತು. ಆ ಹಳೇ ನಿಯಮ ಏನು ಅನ್ನೋದು, ಕನ್ನಡ ಮಾತಾಡುವ, ಜೊತೆಗೆ ಸಂಸ್ಕೃತದ ನಾಲ್ಕು ಶ್ಲೋಕ ಕಿವಿಗೆ ಬಿದ್ದಿರುವ ಯಾರಿಗಾದರೂ ಇಂಗ್ಲಿಷಿನವರಿಗಿಂತ ಬೇಗ ಹೊಳೆಯುತ್ತದೆ.

ಮೊದಲು ತೊಡಕು ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ‘ಒಯ್ದ’ದ ಅರ್ಥ ವರ್ತಮಾನ: ಈಗ ಗೊತ್ತು. ಆದರೆ ಅದರ ರೂಪ ವರ್ತಮಾನದ್ದಲ್ಲ. ಕೆಲಸ ಮುಗಿದಿದೆ ಅಂತ ಹೇಳುವ ರೂಪ ಅದು, ವ್ಯಾಕರಣದವರು ಪರ್ಫೆಕ್ಟ್ ಅನ್ನುತ್ತಾರೆ. ಇಂಗ್ಲಿಷಿನ ಮೂಲಕ ಗ್ರೀಕ್ ಕಲಿಯುವವರು ಇಲ್ಲೇ ಮುಗ್ಗರಿಸುವುದು. ಮುಗಿದದ್ದನ್ನು ಹೇಳುವ ರೂಪಕ್ಕೆ ಈಗಿನ ಅರ್ಥ ಎಲ್ಲಿಂದ ಬಂತು?

ಕನ್ನಡದಲ್ಲಿ ಇದು ಒಗಟೇ ಅಲ್ಲ. "ಅವನು ಬಾಗಿಲಲ್ಲಿ ನಿಂತಿದ್ದಾನೆ" ಅಂತೀವಿ. ‘ನಿಂತು’ ಅನ್ನೋದು ಮುಗಿದ ಕೆಲಸ, ‘ಇದ್ದಾನೆ’ ಅನ್ನೋದು ಈಗಿನ ಸ್ಥಿತಿ. ನಿಲ್ಲುವ ಕ್ರಿಯೆ ಯಾವಾಗಲೋ ಆಗಿಹೋಯಿತು, ಅದರ ಫಲ ಮಾತ್ರ ಈಗ ಕಣ್ಣ ಮುಂದಿದೆ. ಕೂತಿದ್ದಾಳೆ, ಮಲಗಿದೆ, ಸತ್ತಿದೆ, ಒಣಗಿದೆ, ಎಲ್ಲ ಇದೇ ಜಾತಿ. ಗ್ರೀಕಿನ ಪರ್ಫೆಕ್ಟ್ ಹೆಚ್ಚುಕಡಿಮೆ ಈ ‘ಇದ್ದೇನೆ, ಇದ್ದಾನೆ, ಇದೆ’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಹೆಸ್ತೇಕ’ ಅಂದರೆ ನಿಂತಿದ್ದೇನೆ. ‘ತೆಥ್ನೇಕೆ’ ಅಂದರೆ ಸತ್ತಿದ್ದಾನೆ. ‘ಮೆಮ್ನೇಮಯ್’ ಅಂದರೆ ನೆನಪಿಟ್ಟಿದ್ದೇನೆ, ಅಂದರೆ ನೆನಪಿದೆ. ಇಂಗ್ಲಿಷಿನಲ್ಲಿ ಇವಕ್ಕೆ ಒಂದೊಂದಕ್ಕೂ ಬೇರೆ ಬೇರೆ ವಿವರಣೆ ಕೊಡಬೇಕಾಗುತ್ತದೆ. ನಮಗೆ ಒಂದು ‘ಇದ್ದೇನೆ’ ಸೇರಿಸಿದರೆ ಸಾಕು.

ಹಾಗಾದರೆ ‘ಒಯ್ದ’ದಲ್ಲಿ ಮುಗಿದುಹೋದ ಕ್ರಿಯೆ ಯಾವುದು? ನೋಡುವುದು. ಇದರ ಧಾತುವಿನ ಮೂಲ ರೂಪ ‘ವಿದ್’, ಗ್ರೀಕಿನಲ್ಲಿ ಮೊದಲಿನ ವಕಾರ ಬಿದ್ದುಹೋಗಿ ‘ಇದ್’ ಆಗಿದೆ. ಅದೇ ಧಾತುವಿನಿಂದ ‘ಎಯ್ದೊನ್’, ಅಂದರೆ "ನೋಡಿದೆ", ಅನ್ನೋ ರೂಪವೂ ಬಂದಿದೆ. ನೋಡಿದೆ ಅನ್ನಲು ಒಂದು ರೂಪ, ನೋಡಿ ಆಗಿದೆ, ಅದಕ್ಕೇ ಗೊತ್ತು ಅನ್ನಲು ಇನ್ನೊಂದು. "ನೋಡುತ್ತೇನೆ" ಅನ್ನುವ ವರ್ತಮಾನ ಮಾತ್ರ ಈ ಧಾತುವಿನಿಂದ ಬಳಕೆಯಲ್ಲಿ ಉಳಿಯಲಿಲ್ಲ. ಆ ಜಾಗಕ್ಕೆ ‘ಹೊರೋ’ ಅನ್ನೋ ಬೇರೆ ಧಾತು ಬಂದು ಕೂತಿತು, ಭವಿಷ್ಯಕ್ಕೆ ‘ಒಪ್ಸೊಮಯ್’ ಅನ್ನೋ ಮೂರನೆಯದು. ಹೀಗೆ ಗ್ರೀಕರಿಗೆ "ನೋಡು" ಅನ್ನಲು ಮೂರು ಧಾತು ಬೇಕಾದವು, ‘ಒಯ್ದ’ ತವರು ಬಿಟ್ಟು ಸ್ವತಂತ್ರ ಕ್ರಿಯಾಪದವಾಗಿ ನಿಂತಿತು.

ಇಲ್ಲಿ ಒಂದು ಎಚ್ಚರಿಕೆ. "ನೋಡಿದ್ದೇನೆ, ಆದ್ದರಿಂದ ಬಲ್ಲೆ" ಅನ್ನೋದು ನೆನಪಿಟ್ಟುಕೊಳ್ಳಲು ಒಳ್ಳೇ ಸೂತ್ರ, ಆದರೆ ಪ್ಲೇಟೋ ‘ಒಯ್ದ’ ಅಂದಾಗಲೆಲ್ಲ ಅವನ ತಲೆಯಲ್ಲಿ ಕಣ್ಣು ಇತ್ತು ಅಂತ ತಿಳಿಯಬಾರದು. ಆ ಹೊತ್ತಿಗೆ ಅದು ಸುಮ್ನೆ "ಗೊತ್ತು", ಅಷ್ಟೆ. ನಾವು "ನೋಡು, ಅದೆಲ್ಲ ಬೇಡ" ಅನ್ನುವಾಗ ಎದುರಿಗಿರುವವರು ಏನನ್ನೂ ನೋಡಬೇಕಾಗಿಲ್ಲ, ಅಲ್ವಾ?

ಈಗ ರೂಪಗಳಿಗೆ ಬರೋಣ. ಅಥೆನ್ಸಿನ ಗ್ರೀಕ್ ಹೀಗಿತ್ತು, ಪಕ್ಕದಲ್ಲಿ ಸಂಸ್ಕೃತ ಇಡುತ್ತೇನೆ:

ನಾನು ಬಲ್ಲೆ: ಒಯ್ದ / ವೇದ
ನೀನು ಬಲ್ಲೆ: ಒಯ್ಸ್ಥ / ವೇತ್ಥ
ಅವನು ಬಲ್ಲ: ಒಯ್ದೆ / ವೇದ
ನಾವು ಬಲ್ಲೆವು: ಇಸ್ಮೆನ್ / ವಿದ್ಮ
ನೀವು ಬಲ್ಲಿರಿ: ಇಸ್ತೆ / ವಿದ
ಅವರು ಬಲ್ಲರು: ಇಸಾಸಿ / ವಿದುಃ

(ದ್ವಿವಚನವನ್ನು ಬಿಟ್ಟಿದ್ದೇನೆ. ಎರಡೂ ಭಾಷೆಗಳಲ್ಲಿ ಇದೆ, ಎರಡರಲ್ಲೂ ವಿದ್ಯಾರ್ಥಿಗಳು ಅದನ್ನು ಕಂಡರೆ ದೂರ ಓಡುತ್ತಾರೆ.)

ವೇದ ಅಂದರೆ ಗ್ರಂಥದ ಹೆಸರು ಮಾತ್ರ ಅಂದುಕೊಂಡವರಿಗೆ ಇದು ಹೊಸದೆನಿಸಬಹುದು. ‘ವೇದ’ ಸಂಸ್ಕೃತದಲ್ಲಿ ಕ್ರಿಯಾಪದವೂ ಹೌದು. ಭಗವದ್ಗೀತೆಯ ಏಳನೇ ಅಧ್ಯಾಯದ 26ನೇ ಶ್ಲೋಕ ನೆನಪಿಸಿಕೊಳ್ಳಿ: "ವೇದಾಹಂ ಸಮತೀತಾನಿ ವರ್ತಮಾನಾನಿ ಚಾರ್ಜುನ, ಭವಿಷ್ಯಾಣಿ ಚ ಭೂತಾನಿ ಮಾಂ ತು ವೇದ ನ ಕಶ್ಚನ." ಆಗಿಹೋದದ್ದನ್ನೂ ಈಗಿರುವುದನ್ನೂ ಮುಂದಾಗುವುದನ್ನೂ ನಾನು ಬಲ್ಲೆ, ನನ್ನನ್ನು ಮಾತ್ರ ಯಾರೂ ಅರಿಯರು. ಒಂದೇ ಶ್ಲೋಕದಲ್ಲಿ ‘ವೇದ’ ಎರಡು ಸಲ ಬಂದಿದೆ. ಮೊದಲನೆಯದು ‘ನಾನು ಬಲ್ಲೆ’, ಎರಡನೆಯದು ‘ಅವನು ಬಲ್ಲ’. ಈಗ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಮೊದಲ ಸರ್ಗಕ್ಕೆ ಹೋಗಿ. ಗ್ರೀಕ್ ಸೇನೆಯ ಕಣಿ ಹೇಳುವವ ಕಾಲ್ಕಸ್ ಎದ್ದು ನಿಲ್ಲುತ್ತಾನೆ, 70ನೇ ಸಾಲಿನಲ್ಲಿ ಹೋಮರ್ ಅವನ ಪರಿಚಯ ಮಾಡಿಕೊಡುತ್ತಾನೆ: ಈಗಿರುವುದನ್ನೂ ಮುಂದಾಗುವುದನ್ನೂ ಹಿಂದೆ ಆದದ್ದನ್ನೂ ಬಲ್ಲವನಾಗಿದ್ದ. ಅಲ್ಲಿರುವ ಕ್ರಿಯಾಪದ ‘ಏಯ್ದೇ’, ಅಂದರೆ ‘ಒಯ್ದ’ದ ಭೂತಕಾಲ. ಮೂರು ಕಾಲ, ಒಂದೇ ಧಾತು. ಒಬ್ಬರನ್ನೊಬ್ಬರು ನೋಡಿ ಬರೆದದ್ದಲ್ಲ. ಎರಡೂ ಭಾಷೆ ಒಂದೇ ಮೂಲದಿಂದ ಈ ಪದವನ್ನು ಪಡೆದಿವೆ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ‘ಒಯ್’ ಎಲ್ಲಿ, ‘ವೇ’ ಎಲ್ಲಿ ಅಂತ ಅನ್ನಿಸಬಹುದು. ಶಾಲೆಯಲ್ಲಿ ಕಲಿತ ಗುಣಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ದೇವ ಮತ್ತು ಇಂದ್ರ ಸೇರಿದರೆ ದೇವೇಂದ್ರ, ಅಂದರೆ ಅ ಮತ್ತು ಇ ಸೇರಿ ಏ. ಮೂಲ ಭಾಷೆಯ ರೂಪ ‘ವೊಯ್ದ’ ಅಂತ ಇಟ್ಟುಕೊಳ್ಳಿ. ಸಂಸ್ಕೃತದಲ್ಲಿ ಹಳೆಯ ಅ, ಎ, ಒ ಎಂಬ ಮೂರು ಸ್ವರಗಳೂ ಕಲೆತು ಒಂದೇ ‘ಅ’ ಆದವು. ಹಾಗಾಗಿ ‘ವೊಯ್ದ’ ‘ವಯ್ದ’ ಆಯಿತು, ಆಮೇಲೆ ‘ವೇದ’. ಗ್ರೀಕ್ ಸ್ವರಗಳನ್ನು ಹಾಗೇ ಉಳಿಸಿಕೊಂಡು ವಕಾರ ಕಳೆದುಕೊಂಡಿತು. ಸಂಸ್ಕೃತ ವಕಾರ ಉಳಿಸಿಕೊಂಡು ಸ್ವರ ಕಳೆದುಕೊಂಡಿತು. ಗೀತೆಯ ಶ್ಲೋಕದಲ್ಲಿ ‘ನಾನು ಬಲ್ಲೆ’ಗೂ ‘ಅವನು ಬಲ್ಲ’ಕ್ಕೂ ಒಂದೇ ರೂಪ ಇರೋದು ಇದೇ ಕಾರಣಕ್ಕೆ. ಗ್ರೀಕಿನಲ್ಲಿ ‘ಒಯ್ದ’, ‘ಒಯ್ದೆ’ ಅಂತ ಕೊನೆಯ ಸ್ವರ ಬೇರೆ ಬೇರೆ ಇದೆ. ಸಂಸ್ಕೃತದಲ್ಲಿ ಆ ಅ ಮತ್ತು ಎ ಎರಡೂ ‘ಅ’ ಆಗಿ, ಎರಡು ಪದ ಒಂದಾಗಿ ಹೋದವು.

‘ಒಯ್ಸ್ಥ’ ಮತ್ತು ‘ವೇತ್ಥ’ ನನಗೆ ತುಂಬ ಇಷ್ಟ. "ನೀನು" ಅನ್ನುವುದಕ್ಕೆ ಪ್ರತ್ಯಯ ‘ಥ’. ದಕಾರದ ಮುಂದೆ ಥಕಾರ ಬಂದಾಗ ಗ್ರೀಕಿನಲ್ಲಿ ದ ಹೋಗಿ ಸ ಬರುತ್ತದೆ, ಸಂಸ್ಕೃತದಲ್ಲಿ ತ ಬರುತ್ತದೆ. ಬೇರೆ ಗ್ರೀಕ್ ಕ್ರಿಯಾಪದಗಳು ಈ ಥಕಾರವನ್ನು ಬಹುಪಾಲು ಕೈಬಿಟ್ಟಿವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಅಕ್ಷರವನ್ನು ಹೇಗೆ ಉಚ್ಚರಿಸಬೇಕು ಅಂತ ಒಂದು ಟಿಪ್ಪಣಿಯೇ ಇರುತ್ತದೆ. ನಮ್ಮ ಅಕ್ಷರಮಾಲೆಯಲ್ಲಿ ಥ ಅದರ ಜಾಗದಲ್ಲೇ ಇದೆ.

ಇನ್ನು ಅಸಲಿ ಪ್ರಶ್ನೆ. ಏಕವಚನದಲ್ಲಿ ‘ಒಯ್ದ್’, ಬಹುವಚನಕ್ಕೆ ಬಂದ ಕೂಡಲೇ ‘ಇದ್’ ಯಾಕೆ? ಪಟ್ಟಿಯಲ್ಲಿ ಇದೇ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣೋದು, ಅನಿಯಮಿತ ಅನ್ನೋ ಹಣೆಪಟ್ಟಿ ಬಿದ್ದದ್ದೂ ಇದರಿಂದಲೇ. ಆದರೆ ಸಂಸ್ಕೃತವೂ ಅದನ್ನೇ ಮಾಡುತ್ತಿದೆ: ವೇದ, ವಿದ್ಮ. ಹೋಮರನ ಗ್ರೀಕಿನಲ್ಲಿ "ನಾವು ಬಲ್ಲೆವು" ‘ಇಸ್ಮೆನ್’ ಅಲ್ಲ, ‘ಇದ್ಮೆನ್’. ‘ವಿದ್ಮ’ದ ಪಕ್ಕ ಅದನ್ನಿಟ್ಟರೆ ಬೇರೆ ಮಾತೇ ಬೇಡ. ಕಾರಣ ಇರುವುದು ಸ್ವರಾಘಾತದಲ್ಲಿ. ವೇದದ ಪಾಠದಲ್ಲಿ ‘ವೇದ’ಕ್ಕೆ ಉದಾತ್ತ, ಅಂದರೆ ಏರುದನಿಯ ಒತ್ತು, ಧಾತುವಿನ ಮೇಲೆ, ‘ವಿದ್ಮ’ಕ್ಕೆ ಪ್ರತ್ಯಯದ ಮೇಲೆ. ಒತ್ತು ಬಿದ್ದ ಕಡೆ ಸ್ವರ ತುಂಬಿಕೊಂಡಿತು, ಒತ್ತು ತಪ್ಪಿದ ಕಡೆ ಬತ್ತಿತು. ಆಮೇಲೆ ಗ್ರೀಕರು ಕ್ರಿಯಾಪದಗಳಲ್ಲಿ ಆ ಹಳೆಯ ಒತ್ತಿನ ಜಾಗವನ್ನೇ ಬದಲಿಸಿಬಿಟ್ಟರು, ಸ್ವರದ ಏರಿಳಿತ ಮಾತ್ರ ‘ಒಯ್ದ’ದಲ್ಲಿ ಹಾಗೇ ಉಳಿಯಿತು. ಈಗಿನ ಜರ್ಮನ್ನಿನಲ್ಲೂ ಇದು ಬದುಕಿದೆ: "ನಾನು ಬಲ್ಲೆ"ಗೆ ‘ವೈಸ್’, "ನಾವು ಬಲ್ಲೆವು"ಗೆ ‘ವಿಸ್ಸೆನ್’. ಬೆಂಗಳೂರಲ್ಲಿ ಜರ್ಮನ್ ಕ್ಲಾಸಿಗೆ ಹೋಗುವವರು ಮೊದಲ ತಿಂಗಳಲ್ಲೇ ಬೈದುಕೊಳ್ಳುವ ಕ್ರಿಯಾಪದ ಇದು. ಅವರಿಗೆ ಯಾರಾದರೂ ವೇದ, ವಿದ್ಮ ಅಂತ ಹೇಳಿಕೊಡಬೇಕು.

ಇನ್ನೊಂದು ವಿಷಯ ಗಮನಿಸಬೇಕು. ಗ್ರೀಕಿನಲ್ಲಿ ಪರ್ಫೆಕ್ಟ್ ಮಾಡಬೇಕಾದರೆ ಮೊದಲ ಅಕ್ಷರವನ್ನು ಸಾಮಾನ್ಯವಾಗಿ ಇಮ್ಮಡಿಸಬೇಕು. ‘ಲೂಓ’, ಅಂದರೆ ಬಿಚ್ಚುತ್ತೇನೆ, ‘ಲೆಲುಕ’ ಆಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಸಾಟಿಯಾದ ರೂಪ ಲಿಟ್ ಲಕಾರ, ಅದೂ ಹಾಗೆಯೇ: ಚಕಾರ (ಮಾಡಿದ), ಜಗಾಮ (ಹೋದ), ಬಭೂವ (ಆದ). ಆದರೆ ‘ಒಯ್ದ’ದಲ್ಲೂ ಇಲ್ಲ, ‘ವೇದ’ದಲ್ಲೂ ಇಲ್ಲ. ಎರಡು ಭಾಷೆಯಲ್ಲಿ ಒಂದೇ ಪದ ಒಂದೇ ರೀತಿ ನಿಯಮ ತಪ್ಪಿಸಿದೆ ಅಂದರೆ ಅದು ಇಬ್ಬರೂ ಬೇರೆಯಾಗುವ ಮೊದಲೇ ಆದದ್ದು.

ಪಾಣಿನಿಗೂ ಈ ‘ವೇದ’ ತಲೆನೋವು ಕೊಟ್ಟಿದೆ. ಅವನ ಸೂತ್ರ "ಪರೋಕ್ಷೇ ಲಿಟ್" (3.2.115). ಹೇಳುವವನ ಕಣ್ಣಿಗೆ ಬೀಳದ, ಹಿಂದೆಂದೋ ನಡೆದ ಸಂಗತಿಗೆ ಲಿಟ್ ಬಳಸಬೇಕು. ಪುರಾಣದ ಕಥೆಗಳೆಲ್ಲ ಬಭೂವ, ಉವಾಚ ಅಂತ ನಡೆಯುವುದು ಇದಕ್ಕೇ. ಆದರೆ ‘ವೇದ’ಕ್ಕೆ ಇರೋದು ಲಿಟ್‌ನ ಪ್ರತ್ಯಯಗಳು, ಅರ್ಥ ನೋಡಿದರೆ ಶುದ್ಧ ವರ್ತಮಾನ. ಹಾಗಾಗಿ ಅವನು "ವಿದೋ ಲಟೋ ವಾ" (3.4.83) ಅಂತ ಬೇರೆಯದೇ ಸೂತ್ರ ಮಾಡಿದ: ವಿದ್ ಧಾತುವಿಗೆ ವರ್ತಮಾನದಲ್ಲೂ ಬೇಕಿದ್ದರೆ ಆ ಪ್ರತ್ಯಯಗಳೇ ಬರಲಿ. ಇದರ ಮಜಾ ನೋಡಿ. ಯಾವ ರೂಪ ಸಂಸ್ಕೃತದಲ್ಲಿ ‘ನಾನು ಕಣ್ಣಾರೆ ಕಂಡಿಲ್ಲ’ ಅನ್ನುವ ಗುರುತಾಯಿತೋ, ಅದೇ ರೂಪದ ಅತಿ ಹಳೇ ಪದ ‘ನೋಡಿದ್ದೇನೆ’ ಅನ್ನುವ ಧಾತುವಿನಿಂದ ಹುಟ್ಟಿದೆ. ಪಾಣಿನಿಗೆ ಗ್ರೀಕಿನ ಹಂಗಿರಲಿಲ್ಲ. ಆದರೂ ವಿಶೇಷ ಸೂತ್ರ ಎಲ್ಲಿ ಬೇಕು ಅನ್ನೋದನ್ನು ಸರಿಯಾದ ಜಾಗದಲ್ಲೇ ಹಿಡಿದ.

ಬಿದ್ದುಹೋದ ವಕಾರದ ಕಥೆ ಇನ್ನೂ ಚೆನ್ನಾಗಿದೆ. ಹೋಮರನ ಕಾವ್ಯ ನಮಗೆ ಸಿಕ್ಕಿರುವ ಬರಹದಲ್ಲಿ ವಕಾರ ಇಲ್ಲ. ಆದರೆ ಛಂದಸ್ಸು ಅದನ್ನು ಮರೆತಿಲ್ಲ. ಇಲಿಯಡ್‌ನ ಆರನೇ ಸರ್ಗದಲ್ಲಿ ಟ್ರಾಯ್ ನಗರದ ವೀರ ಹೆಕ್ಟರ್ ಯುದ್ಧಕ್ಕೆ ಹೊರಡುವ ಮೊದಲು ಹೆಂಡತಿ ಆಂಡ್ರೊಮಾಕೆಗೆ ಹೇಳುತ್ತಾನೆ: ಇದು ನನಗೆ ಚೆನ್ನಾಗಿ ಗೊತ್ತು, ಟ್ರಾಯ್ ನಾಶವಾಗುವ ದಿನ ಬಂದೇ ಬರುತ್ತದೆ. ಆ ಸಾಲು ಶುರುವಾಗೋದು ‘ಎಉ ಗರ್ ಎಗೋ ತೊದೆ ಒಯ್ದ’ ಅಂತ. ‘ತೊದೆ’ ಅಂದರೆ ಇದು. ಗ್ರೀಕಿನಲ್ಲಿ ನಮ್ಮ ಲೋಪಸಂಧಿಯಂಥದ್ದೇ ಒಂದು ಪದ್ಧತಿ ಇದೆ. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ಇಲ್ಲೂ ಸ್ವರದ ಮುಂದೆ ಸ್ವರ ಬಂದಾಗ ಮೊದಲನೆಯದು ಬಿದ್ದು ‘ತೊದೊಯ್ದ’ ಆಗಬೇಕಿತ್ತು. ಆಗಿಲ್ಲ. ಆಗಿದ್ದರೆ ಮಾತ್ರೆ ಕಡಿಮೆಯಾಗಿ ಸಾಲು ಕೆಡುತ್ತಿತ್ತು. ಅಂದರೆ ಈ ಸಾಲನ್ನು ಕಟ್ಟಿದವರ ಕಿವಿಯಲ್ಲಿ ಎರಡು ಸ್ವರಗಳ ನಡುವೆ ಒಂದು ವ್ಯಂಜನ ಇತ್ತು: ‘ತೊದೆ ವೊಯ್ದ’. ಹೋಮರನಲ್ಲಿ ಇಂಥ ಜಾಗಗಳು ಬೇಕಾದಷ್ಟಿವೆ. ಅವನ್ನೆಲ್ಲ ಜೋಡಿಸಿ, ಕಾಣೆಯಾದ ವಕಾರವನ್ನು 18ನೇ ಶತಮಾನದ ಆರಂಭದಲ್ಲಿ ಪತ್ತೆ ಹಚ್ಚಿದವರು ಇಂಗ್ಲೆಂಡಿನ ರಿಚರ್ಡ್ ಬೆಂಟ್ಲಿ. ಆ ಅಕ್ಷರಕ್ಕೆ ಡಿಗಮ್ಮ ಅನ್ನುತ್ತಾರೆ. ಅಥೆನ್ಸಿನ ಉತ್ತರಕ್ಕಿರುವ ಬೊಯೋಶಿಯ ಪ್ರದೇಶದ ಶಾಸನಗಳಲ್ಲಿ ಅದು ಕಲ್ಲಿನ ಮೇಲೇ ಸಿಗುತ್ತದೆ. ಅಲ್ಲಿ ಸಾಕ್ಷಿಗೆ ‘ವಿಸ್ತೋರ್’ ಅನ್ನುತ್ತಿದ್ದರು, ಬಲ್ಲವನು ಅಂತ. ಅದೇ ಪದದಿಂದ ವಿಚಾರಣೆ ಅನ್ನುವ ಅರ್ಥದ ‘ಹಿಸ್ತೊರಿಯ’ ಬಂತು, ಅದರಿಂದ ನಾವು ಶಾಲೆಯಲ್ಲಿ ಬೈದುಕೊಂಡು ಓದಿದ ಹಿಸ್ಟರಿ.

ಇನ್ನು ಕೃದಂತ. ‘ಬಲ್ಲವನು’ ಅನ್ನಲು ಗ್ರೀಕಿನಲ್ಲಿ ‘ಎಯ್ದೋಸ್’. ‘ಬಲ್ಲವಳು’ ಹೋಮರನಲ್ಲಿ ‘ಇದುಯ್ಯ’, ವಕಾರ ಸೇರಿಸಿ ಓದಿದರೆ ‘ವಿದುಯ್ಯ’. ಯಾವುದಾದರೂ ಸಭೆಯ ಸಂಗೀತ ಕಛೇರಿಯ ಆಹ್ವಾನಪತ್ರ ತೆಗೆದು ನೋಡಿ: ಹಾಡುವ ಗಂಡಸರ ಹೆಸರಿನ ಮುಂದೆ ವಿದ್ವಾನ್, ಹೆಂಗಸರ ಹೆಸರಿನ ಮುಂದೆ ವಿದುಷಿ. ಗ್ರೀಕಿನ ಆ ಎರಡು ಪದಗಳ ಜೊತೆಗೆ ಹುಟ್ಟಿದವೇ ಇವು. ಪುಲ್ಲಿಂಗ, ಸ್ತ್ರೀಲಿಂಗದ ಪ್ರತ್ಯಯಗಳು ಕೂಡ ಒಂದಕ್ಕೊಂದು ಸರಿಹೊಂದುತ್ತವೆ. ಕನ್ನಡ ದ್ರಾವಿಡ ಭಾಷೆ, ನಮಗೆ ಈ ಧಾತು ಮನೆಯದಲ್ಲ. ಆದರೆ ಎರವಲು ತಂದದ್ದು ಎಷ್ಟಿದೆ ನೋಡಿ: ವೇದ, ವಿದ್ಯೆ, ವಿದ್ವಾಂಸ ಸಂಸ್ಕೃತದ ದಾರಿಯಿಂದ. ಐಡಿಯಾ ಗ್ರೀಕಿನಿಂದ ಇಂಗ್ಲಿಷ್ ಸುತ್ತಿಕೊಂಡು, ವಿಡಿಯೊ ಲ್ಯಾಟಿನ್ನಿನಿಂದ. "ವಿಡಿಯೊ ನೋಡಿ ವಿದ್ಯೆ ಕಲಿಯೋ ಐಡಿಯಾ" ಅಂದರೆ ಒಂದೇ ಧಾತುವನ್ನು ಮೂರು ಸಲ ಹೇಳಿದಂತೆ.

ಭೂತಕಾಲ, ಭವಿಷ್ಯತ್ತುಗಳನ್ನು ಬೇಗ ಮುಗಿಸಿಬಿಡೋಣ. ‘ನಿಂತಿದ್ದೇನೆ’ ಹೋಗಿ ‘ನಿಂತಿದ್ದೆ’ ಆದರೆ ಸ್ಥಿತಿ ಹಿಂದಕ್ಕೆ ಸರಿಯುತ್ತದೆ. ‘ಒಯ್ದ’ ಕೂಡ ಹಾಗೆಯೇ ‘ಏಯ್ದೇ’ ಆಗಿ, "ಗೊತ್ತಿತ್ತು" ಅನ್ನುತ್ತದೆ. ಭವಿಷ್ಯಕ್ಕೆ ‘ಎಯ್ಸೊಮಯ್’, ಗೊತ್ತಾಗುತ್ತದೆ. "ಬಲ್ಲವನಾಗಿರುವುದು" ಅನ್ನುವ ಭಾವರೂಪ ‘ಎಯ್ದೆನಯ್’. ಅಲ್ಲಿಗೆ ಸ್ವರದ ಮೂರು ಮೆಟ್ಟಿಲೂ ಆಯಿತು: ಎಯ್ದ್, ಒಯ್ದ್, ಇದ್. ಸಂಸ್ಕೃತದಲ್ಲಿ ಎ, ಒ ಎರಡೂ ಕಲೆತದ್ದರಿಂದ ವೇದ್, ವಿದ್ ಎರಡೇ ಕಾಣುತ್ತವೆ.

ವಿಧಿರೂಪದಲ್ಲಿ ಒಂದು ತಮಾಷೆ ಇದೆ. "ತಿಳಿದುಕೋ" ಅನ್ನಲು ‘ಇಸ್ಥಿ’. "ಇರು" ಅನ್ನಲೂ ‘ಇಸ್ಥಿ’ಯೇ. ಎರಡು ಬೇರೆ ಧಾತು, ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಪ್ರಥಮ ಪುರುಷದ ವಿಧಿ ‘ಇಸ್ತೋ’, ಅಂದರೆ "ತಿಳಿದಿರಲಿ". ಆಣೆ ಇಡುವಾಗ ಇದು ಬರುತ್ತಿತ್ತು: ಜೀಯಸ್ ದೇವರಿಗೆ ತಿಳಿದಿರಲಿ, ಅವನೇ ಸಾಕ್ಷಿ. ನಮ್ಮ "ದೇವರಾಣೆ", "ಶಿವನೇ ಬಲ್ಲ" ಎರಡೂ ಸೇರಿದ ಹಾಗೆ. ಸಾಕ್ರಟೀಸ್ ವಿಷ ಕುಡಿಯುವ ದಿನದ ಮಾತುಕತೆಯನ್ನು ಪ್ಲೇಟೋ ಬರೆದಿದ್ದಾನಲ್ಲ, ಅದರಲ್ಲಿ ಥೀಬ್ಸ್ ಊರಿನ ಕೆಬೆಸ್ ಮೆಲ್ಲಗೆ ನಕ್ಕು ‘ಇತ್ತೋ ಜೀಯಸ್’ ಅನ್ನುತ್ತಾನೆ. ಇಸ್ತೋ ಅಲ್ಲ, ಇತ್ತೋ. ತನ್ನ ಊರಿನ ಮಾತಿನಲ್ಲೇ ಹೇಳಿದ ಅಂತ ಪ್ಲೇಟೋ ಬಿಡದೆ ಸೇರಿಸುತ್ತಾನೆ. ಬೆಂಗಳೂರಿನ ಗುಂಪಿನಲ್ಲಿ ಧಾರವಾಡದವರೊಬ್ಬರು ತಟ್ಟನೆ "ಏನ್ರೀ ಇದು" ಅಂದರೆ ಕಥೆ ಬರೆಯುವವರು ಅದನ್ನು ಹಾಗೇ ಉಳಿಸಿಕೊಳ್ಳುತ್ತಾರಲ್ಲ, ಅದೇ ಖುಷಿ.

ವಾಕ್ಯದಲ್ಲಿ ‘ಒಯ್ದ’ವನ್ನು ಹೇಗೆ ಬಳಸಬೇಕು ಅನ್ನೋದು ಮುಂದಿನ ವಿಷಯ. ಸುಲಭದ ದಾರಿ ‘ಹೊತಿ’ ಸೇರಿಸೋದು. ಅದು ನಮ್ಮ "ಅಂತ", "ಎಂದು" ಇದ್ದ ಹಾಗೆ, ಆದರೆ ಗ್ರೀಕಿನಲ್ಲಿ ಮಾತಿಗೆ ಮುಂಚೆ ಬರುತ್ತದೆ. "ಗೊತ್ತು, ಅಂತ, ಅವನು ಬಂದ" ಅನ್ನುವ ಕ್ರಮ.

ಎರಡನೆಯ ದಾರಿ ಭಾವರೂಪ ಸೇರಿಸೋದು. ಆಗ ಅರ್ಥ ಹೊರಳುತ್ತದೆ: ಗೊತ್ತು ಹೋಗಿ ‘ಮಾಡಲು ಬರುತ್ತದೆ’ ಆಗುತ್ತದೆ. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದ ಇದೆ, ‘ಬಲ್ಲೆ’. ಒಂಟಿಯಾಗಿ ನಿಂತರೆ "ನಾನು ಅವನನ್ನು ಬಲ್ಲೆ", ಇನ್ನೊಂದು ಕ್ರಿಯಾಪದಕ್ಕೆ ಅಂಟಿದರೆ ಈಜಬಲ್ಲೆ, ಹಾಡಬಲ್ಲೆ. ಇಲಿಯಡ್‌ನ ಏಳನೇ ಸರ್ಗದಲ್ಲಿ ಹೆಕ್ಟರ್ ಅಜಾಕ್ಸ್‌ನ ಎದುರು ನಿಂತು ಸವಾಲು ಹಾಕುವಾಗ ‘ಒಯ್ದ’ ಮೇಲಿಂದ ಮೇಲೆ ಬರುತ್ತದೆ: ಯುದ್ಧ ಬಲ್ಲೆ, ಕೊಲ್ಲುವುದನ್ನು ಬಲ್ಲೆ, ಗುರಾಣಿಯನ್ನು ಬಲಕ್ಕೆ ತಿರುಗಿಸಬಲ್ಲೆ, ಎಡಕ್ಕೆ ತಿರುಗಿಸಬಲ್ಲೆ, ಓಡುವ ರಥಗಳ ನಡುವೆ ನುಗ್ಗಬಲ್ಲೆ, ಎದುರಾಬದುರು ನಿಂತು ಯುದ್ಧದೇವತೆಗೆ ಕುಣಿಯಬಲ್ಲೆ. ಇಂಗ್ಲಿಷಿನಲ್ಲಿ ಮೊದಲೆರಡಕ್ಕೆ ಒಂದು ಪ್ರಯೋಗ, ಉಳಿದವಕ್ಕೆ ಇನ್ನೊಂದು ಬೇಕು. ಕನ್ನಡದಲ್ಲಿ ಒಂದೇ ‘ಬಲ್ಲೆ’ ಕೊನೆಯವರೆಗೂ ನಡೆಯುತ್ತದೆ, ಏಟಿನ ಮೇಲೆ ಏಟು ಬಿದ್ದ ಹಾಗೆ. ಅಂದ ಹಾಗೆ ‘ಬಲ್ಲೆ’ಯೂ ನಮ್ಮ ವ್ಯಾಕರಣದಲ್ಲಿ ಒಂಟಿ ಸಲಗ. ಬಂದೆ, ಬರುತ್ತೇನೆ, ಬರುವೆ ಇದ್ದ ಹಾಗೆ ಅದಕ್ಕೆ ಕಾಲಗಳ ಸಾಲು ಇಲ್ಲ.

ಮೂರನೆಯ ದಾರಿ ಗ್ರೀಕರಿಗೆ ಅಚ್ಚುಮೆಚ್ಚು: ಕೃದಂತ ಸೇರಿಸೋದು. ಇದು ನಿಶ್ಚಿತವಾದ ಸಂಗತಿಗೆ. "ಅವನನ್ನು ಬಂದವನನ್ನಾಗಿ ಬಲ್ಲೆ" ಅನ್ನುವ ಥರ. ಕನ್ನಡದಲ್ಲಿ ಮುಜುಗರವಾಗಿ ಕೇಳಿಸುತ್ತದೆ, ಗ್ರೀಕಿನಲ್ಲಿ ತುಂಬ ಬಿಗಿಯಾಗಿ ಕೂರುತ್ತದೆ. ಅದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಗ್ರೀಕ್ ಇತಿಹಾಸಕಾರ ಕ್ಸೆನೊಫೋನ್‌ನದ್ದು. ಅವನ ಮಗ ಗ್ರಿಲ್ಲುಸ್ ಕ್ರಿ.ಪೂ. 362ರಲ್ಲಿ ಮಾಂಟಿನಿಯಾದ ಯುದ್ಧದ ಹೊತ್ತಿನಲ್ಲಿ ಸತ್ತ. ಸುದ್ದಿ ಬಂದಾಗ ಅಪ್ಪ ತಲೆಗೆ ಹೂಮಾಲೆ ಧರಿಸಿ ದೇವರಿಗೆ ಬಲಿ ಕೊಡುತ್ತಿದ್ದನಂತೆ. ಮಾಲೆ ತೆಗೆದ. ಮಗ ವೀರನಾಗಿ ಸತ್ತ ಅಂತ ಕೇಳಿ ಮತ್ತೆ ಹಾಕಿಕೊಂಡ. ಕಣ್ಣೀರು ಹಾಕಲಿಲ್ಲ, ಮೂರೇ ಪದ ಹೇಳಿದ ಅನ್ನುತ್ತಾರೆ: ‘ಏಯ್ದೆಯ್ನ್ ಥ್ನೇತೊನ್ ಗೆಗೆನ್ನೇಕೋಸ್’. ನಾನು ಹುಟ್ಟಿಸಿದ್ದು ಸಾಯುವವನನ್ನೇ ಅಂತ ನನಗೆ ಗೊತ್ತಿತ್ತು. ಕಥೆ ಬರೆದಿಟ್ಟ ಡಯೋಜಿನಿಸ್ ಲೇರ್ಟಿಯಸ್ ಇದೇ ಮಾತನ್ನು ತತ್ತ್ವಜ್ಞಾನಿ ಅನಕ್ಸಾಗೊರಸ್‌ನ ಬಾಯಲ್ಲೂ ಹಾಕಿದ್ದಾನೆ, ಆದ್ದರಿಂದ ಯಾರು ಹೇಳಿದ್ದು ಅನ್ನೋದು ಹಾಗಿರಲಿ. ವ್ಯಾಕರಣ ನೋಡಿ. ‘ಏಯ್ದೆಯ್ನ್’ ಗೊತ್ತಿತ್ತು. ‘ಥ್ನೇತೊನ್’ ಸಾಯುವವನನ್ನು. ‘ಗೆಗೆನ್ನೇಕೋಸ್’ ಹುಟ್ಟಿಸಿದವನಾಗಿ. ಬಲ್ಲವನೂ ಹುಟ್ಟಿಸಿದವನೂ ಒಬ್ಬನೇ ಆದ್ದರಿಂದ ಕೊನೆಯ ಪದ ಪ್ರಥಮಾ ವಿಭಕ್ತಿಯಲ್ಲಿದೆ, "ನಾನು" ಅಂತ ಬೇರೆ ಹೇಳಬೇಕಾಗಿಲ್ಲ. "ಅಂತ" ಬೇಡ, "ನನಗೆ" ಬೇಡ, "ಮಗ" ಅನ್ನೋ ಪದವೂ ಬೇಡ.

ಹೋಮರನಲ್ಲಿ ಈ ಕ್ರಿಯಾಪದಕ್ಕೆ ಇನ್ನೊಂದು ಮುಖ ಇದೆ, ಮುಂದಿನ ಕಾಲದ ಗ್ರೀಕಿನಲ್ಲಿ ಅಷ್ಟಾಗಿ ಕಾಣೋದಿಲ್ಲ. ಅಲ್ಲಿ ಒಬ್ಬರ ಸ್ವಭಾವವನ್ನೂ ‘ಒಯ್ದ’ದಲ್ಲೇ ಹೇಳುತ್ತಾರೆ. ಒಡಿಸ್ಸಿಯ ಒಂಟಿಕಣ್ಣಿನ ರಾಕ್ಷಸ ಒಂಟಿಯಾಗಿ ಬದುಕುತ್ತಾ "ನೀತಿಯಿಲ್ಲದ್ದನ್ನು ಬಲ್ಲವನಾಗಿದ್ದ". ಗ್ರೀಕ್ ವೀರ ಅಖಿಲೀಸ್ ಹೆಕ್ಟರನ ಹೆಣವನ್ನು ಎಳೆದಾಡುತ್ತಿದ್ದಾಗ ಅಪೋಲೊ ದೇವರು ಸಿಟ್ಟಾಗಿ ಹೇಳುತ್ತಾನೆ: ಇವನು ಸಿಂಹದ ಹಾಗೆ "ಕ್ರೂರವಾದದ್ದನ್ನು ಬಲ್ಲ". ಅವರು ಏನೋ ಪಾಠ ಕಲಿತಿದ್ದಾರೆ ಅಂತಲ್ಲ. ಅವರ ಮನಸ್ಸು ಇರೋದೇ ಹಾಗೆ ಅಂತ. ಏನು ಗೊತ್ತಿದೆಯೋ ಅದೇ ಆ ಮನುಷ್ಯ ಅನ್ನುವ ಲೆಕ್ಕ. ಇದನ್ನು ಅನುವಾದ ಮಾಡುವವರು ಸಾಮಾನ್ಯವಾಗಿ "ಅವನು ಕ್ರೂರಿ" ಅಂತ ಬರೆದು ಮುಗಿಸುತ್ತಾರೆ. ಬೇರೆ ದಾರಿಯೂ ಇಲ್ಲ, ಆದರೂ ಏನೋ ಕೈಬಿಟ್ಟು ಹೋಯಿತು ಅನ್ನಿಸುತ್ತದೆ.

ಗ್ರೀಕಿನಲ್ಲಿ ಅರಿವಿಗೆ ಇನ್ನೂ ಎರಡು ಮುಖ್ಯ ಕ್ರಿಯಾಪದಗಳಿವೆ. ‘ಗಿಗ್ನೋಸ್ಕೋ’ ಅಂದರೆ ಗುರುತಿಸುವುದು, ತಿಳಿದುಕೊಳ್ಳುತ್ತಾ ಹೋಗುವುದು. ಜ್ಞಾನ ಅನ್ನುವಲ್ಲಿನ ‘ಜ್ಞಾ’ ಧಾತುವಿನ ನೆಂಟ. ‘ಎಪಿಸ್ತಮಯ್’ ಅಂದರೆ ಕಲಿತು ನುರಿತಿರುವುದು. ಡೆಲ್ಫಿಯ ದೇವಾಲಯದಲ್ಲಿ ಕೆತ್ತಿದ್ದ "ನಿನ್ನನ್ನು ನೀನು ತಿಳಿ" ಅನ್ನುವ ಮಾತಿನಲ್ಲಿರುವುದು ‘ಗ್ನೋಥಿ’, ಮೊದಲನೆಯ ಧಾತು. ಅದು ಸರಿಯೇ. ‘ಗಿಗ್ನೋಸ್ಕೋ’ ದಾರಿ, ‘ಒಯ್ದ’ ಆ ದಾರಿ ಮುಗಿದ ಮೇಲಿನ ಜಾಗ. ಇನ್ನೂ ಹೊರಡದವನಿಗೆ ‘ಒಯ್ದ’ದ ವಿಧಿರೂಪ ಹೇಳಿ ಏನು ಪ್ರಯೋಜನ?

ಸಾಕ್ರಟೀಸ್ ಹೆಸರಲ್ಲಿ ಓಡಾಡುವ "ನನಗೆ ಏನೂ ಗೊತ್ತಿಲ್ಲ ಅನ್ನೋದೊಂದೇ ನನಗೆ ಗೊತ್ತು" ಅನ್ನುವ ವಾಕ್ಯ ಪ್ಲೇಟೋ ಬರೆದದ್ದರಲ್ಲಿ ಆ ರೂಪದಲ್ಲಿ ಇಲ್ಲ. ಕ್ರಿ.ಪೂ. 399ರ ವಿಚಾರಣೆಯಲ್ಲಿ ಅವನು ಹೇಳಿದ ಹಾಗೆ ಪ್ಲೇಟೋ ಕೊಡುವ ಮಾತು ಇನ್ನೂ ಸರಳ: ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ಅಂದುಕೊಂಡೂ ಇಲ್ಲ. ಅಲ್ಲಿ ‘ಊಕ್ ಒಯ್ದ’ ಅಂದ ಕೂಡಲೇ ‘ಒಯೊಮಯ್’, ಅಂದರೆ "ಅಂದುಕೊಳ್ಳುತ್ತೇನೆ", ಬರುತ್ತದೆ. ಒಯ್ದ, ಒಯೊಮಯ್: ಕಿವಿಗೆ ಎರಡೂ ಹತ್ತಿರ, ಅರ್ಥ ದೂರ ದೂರ. ವಾದದ ಜೀವ ಇರೋದೇ ಆ ಅಂತರದಲ್ಲಿ. ಸೋಫೋಕ್ಲಿಸ್ ಕೂಡ ಈ ಪದದ ಜೊತೆ ಆಟವಾಡಿದ್ದಾನೆ. ಅವನ ಈಡಿಪಸ್, ಗ್ರೀಕಿನಲ್ಲಿ ‘ಒಯ್ದಿಪೂಸ್’, ಕುರುಡ ಕಣಿಕಾರನ ಮುಂದೆ ಜಂಬ ಕೊಚ್ಚುತ್ತಾ ತನ್ನನ್ನು ತಾನೇ ‘ಹೊ ಮೇದೆನ್ ಎಯ್ದೋಸ್ ಒಯ್ದಿಪೂಸ್’ ಅಂದುಕೊಳ್ಳುತ್ತಾನೆ: ಏನೂ ಅರಿಯದ ಈಡಿಪಸ್ ನಾನೇ ಬಂದು ಒಗಟು ಬಿಡಿಸಿದೆ. ಹೆಸರಿನ ನಿಜವಾದ ಅರ್ಥ ಊದಿದ ಪಾದದವನು ಅಂತ, ‘ಒಯ್ದ’ಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ನಾಟಕ ನೋಡುತ್ತಿದ್ದವರ ಕಿವಿಗೆ ‘ಒಯ್ದ’ ಕೇಳಿಸಿಯೇ ಇರುತ್ತದೆ. ವ್ಯಂಗ್ಯವಾಗಿ ಆಡಿದ ಮಾತು ಅಕ್ಷರಶಃ ನಿಜ, ತಾನು ಯಾರ ಮಗ ಅನ್ನೋದೇ ಅವನಿಗೆ ಗೊತ್ತಿಲ್ಲ ಅಂತ ಅವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಬಿಟ್ಟು.

ಮುಂದೆ ಗ್ರೀಕ್ ಊರೂರಿಗೆ ಹರಡಿ ಸಾಮಾನ್ಯರ ವ್ಯವಹಾರದ ಭಾಷೆಯಾದಾಗ ಈ ಏರಿಳಿತ ಯಾರಿಗೂ ಬೇಡವಾಯಿತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಟ್ಟಿ ಬಹುಪಾಲು ಸಪಾಟಾಗಿದೆ: ಒಯ್ದ, ಒಯ್ದಸ್, ಒಯ್ದೆ, ಒಯ್ದಮೆನ್, ಒಯ್ದತೆ, ಒಯ್ದಾಸಿನ್. ಥಕಾರ ಹೋಯಿತು, ‘ಇದ್’ ಹೋಯಿತು. ಶಿಲುಬೆಯ ಮೇಲಿಂದ ಯೇಸು "ಏನು ಮಾಡುತ್ತಿದ್ದೇವೆ ಅಂತ ಇವರಿಗೆ ಗೊತ್ತಿಲ್ಲ" ಅನ್ನುವಾಗ ಲೂಕನ ಸುವಾರ್ತೆಯಲ್ಲಿರುವುದು ಈ ಹೊಸ ‘ಒಯ್ದಾಸಿನ್’. ಹಳೇ ‘ಇಸಾಸಿ’ ಪೂರ್ತಿ ಸತ್ತಿರಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ ರಾಜ ಅಗ್ರಿಪ್ಪನ ಮುಂದೆ ನಿಂತು ಮಾತಾಡುವಾಗ ‘ಇಸಾಸಿ’ ಅನ್ನುತ್ತಾನೆ. ದೊಡ್ಡವರ ಮುಂದೆ ಗ್ರಾಂಥಿಕ ನಾಲಿಗೆಗೆ ಬರೋದು ಎಲ್ಲ ಕಡೆ ಇದ್ದದ್ದೇ.

ಇವತ್ತಿನ ಗ್ರೀಕರು ದಿನಬಳಕೆಯಲ್ಲಿ ‘ಒಯ್ದ’ ಅನ್ನುವುದಿಲ್ಲ. "ಕೀರಿಯೊಸ್ ಈದೆ", ಅಂದರೆ ದೇವರೇ ಬಲ್ಲ, ಅನ್ನುವಂಥ ನುಡಿಗಟ್ಟುಗಳಲ್ಲಿ ಮಾತ್ರ ಉಳಿದಿದೆ, ಅದೂ ಹೊಸ ಉಚ್ಚಾರಣೆಯಲ್ಲಿ. ಅವರ ಬಾಯಲ್ಲಿ ‘ಒಯ್’, ‘ಎಯ್’ ಎರಡೂ ‘ಈ’ ಆಗಿವೆ. ಹಾಗಾಗಿ ಹಳೇ "ಬಲ್ಲೆ"ಯನ್ನೂ ಇಂದಿನ "ನೋಡಿದೆ"ಯನ್ನೂ ಗಟ್ಟಿಯಾಗಿ ಓದಿದರೆ ಎರಡೂ ‘ಈದಾ’. ಬರಹದಲ್ಲಿ ಮಾತ್ರ ವ್ಯತ್ಯಾಸ. "ಗೊತ್ತು" ಅನ್ನಲು ಈಗ ಅವರಿಗಿರುವ ಪದ ‘ಕ್ಸೆರೊ’. ಅದು ಬಂದಿರುವುದು "ಹುಡುಕಿ ಕಂಡುಕೊಂಡೆ" ಅನ್ನುವ ಹಳೆಯದೊಂದು ಭೂತಕಾಲದ ರೂಪದಿಂದ.